ಬಿಳಿ ಭಾಗ ಚಿಕ್ಕದಾಗಿದ್ದು ಜೀನ್‌ನಿಂದಲ್ಲ

ಸ್ಟ್ರೋಕ್ ಆಗುವ ಮೊದಲೇ ಇಲಿಯ ಮೆದುಳಿಗೆ ರಕ್ಷಣೆಯ ಜೀನ್ ಸೇರಿಸಿಡುವುದು. ನನ್ನ ಪ್ರಯೋಗ ಇಷ್ಟೇ.

ಆರಿಸಿಕೊಂಡಿದ್ದು ಬಿಸಿಎಲ್-2. ಏಟು ತಿಂದ ಜೀವಕೋಶ ತನ್ನನ್ನು ತಾನೇ ಕೊಂದುಕೊಳ್ಳಲು ಹೊರಟಾಗ ಇದು ಅಡ್ಡ ನಿಲ್ಲುತ್ತದೆ. ಜೀನನ್ನು ಜೀವಕೋಶದೊಳಗೆ ಸಾಗಿಸಲು ಎಎವಿ ಎಂಬ ವೈರಸ್. ಅದರೊಳಗೆ ಹಿಡಿಸುವುದು ಸುಮಾರು 4,700 ಅಕ್ಷರಗಳ ಡಿಎನ್‌ಎ ಮಾತ್ರ. ಬಿಸಿಎಲ್-2 ಪುಟ್ಟ ಜೀನ್, ಆರಾಮಾಗಿ ಕೂತಿತು.

ತಲೆಬುರುಡೆಗೆ ಸಣ್ಣ ತೂತು ಕೊರೆದು, ಹತ್ತು ನಿಮಿಷದಲ್ಲಿ ಎರಡು ಮೈಕ್ರೋಲೀಟರ್ ವೈರಸ್ ದ್ರವ ಬಿಡುತ್ತಿದ್ದೆ. ಆಮೇಲೂ ಸೂಜಿಯನ್ನು ಸ್ವಲ್ಪ ಹೊತ್ತು ಅಲ್ಲೇ ಬಿಡಬೇಕು. ಗಡಿಬಿಡಿಯಲ್ಲಿ ಎಳೆದರೆ ದ್ರವವೂ ಜೊತೆಗೇ ಮೇಲೆ ಬರುತ್ತದೆ. ಮೊದಲ ಎರಡು ಇಲಿಗಳಲ್ಲಿ ನಾನು ಮಾಡಿದ್ದೂ ಅದನ್ನೇ! ಜೀನ್ ಚೆನ್ನಾಗಿ ಕೆಲಸಕ್ಕೆ ಇಳಿಯಲೆಂದು ಮೂರು ವಾರ ಕಾದೆ.

ನಂತರ ಕತ್ತಿನ ರಕ್ತನಾಳದಿಂದ ನೈಲಾನ್ ಎಳೆ ತೂರಿಸಿ, ಮೆದುಳಿನ ನಡು ಧಮನಿಯನ್ನು 60 ನಿಮಿಷ ಮುಚ್ಚಿದೆ. ಇಲಿಗೆ ಇದೇ ಸ್ಟ್ರೋಕ್. ಮರುದಿನ ಮೆದುಳನ್ನು 2 ಮಿಲಿಮೀಟರ್ ಹೋಳುಗಳಾಗಿ ಕೊಯ್ದು ಟಿಟಿಸಿ ದ್ರಾವಣದಲ್ಲಿ ಅದ್ದಿದೆ. ಬದುಕಿರುವ ಭಾಗ ಕೆಂಪಾಗುತ್ತದೆ. ಸತ್ತಿದ್ದು ಬಿಳಿಯಾಗಿಯೇ ಉಳಿಯುತ್ತದೆ.

ಜೀನ್ ಕೊಟ್ಟ ಇಲಿಗಳಲ್ಲಿ ಬಿಳಿ ಭಾಗ ಎಷ್ಟು ಚಿಕ್ಕದಿತ್ತೆಂದರೆ, ಅವತ್ತು ರಾತ್ರಿ ನಿದ್ದೆ ಬರಲಿಲ್ಲ.

ವಾರದ ನಂತರ ನೋಟ್‌ಬುಕ್ ತಿರುವಿದಾಗ ಎದೆ ಧಸಕ್ಕೆಂದಿತು. ಆ ಇಲಿಗಳಿಗೆಲ್ಲ ಒಂದೇ ದಿನ ಧಮನಿ ಮುಚ್ಚಿದ್ದೆ. ಅವತ್ತು ಇಲಿಗಳನ್ನು ಬೆಚ್ಚಗಿಡುವ ಹೀಟಿಂಗ್ ಪ್ಯಾಡ್ ಕೆಟ್ಟಿತ್ತು. ಮೈ ಬಿಸಿ 37 ಇರಬೇಕಾದದ್ದು 34ಕ್ಕೆ ಇಳಿದಿತ್ತು. ತಂಪಾದ ಮೆದುಳಿಗೆ ಆಮ್ಲಜನಕವೂ ಸಕ್ಕರೆಯೂ ಕಡಿಮೆ ಸಾಕು, ಹಾಗಾಗಿ ಅದು ಜಾಸ್ತಿ ಹೊತ್ತು ತಾಳುತ್ತದೆ. ಯಾವ ಜೀನೂ ಬೇಡ. ನಾನು ಸುಮ್ನೆ ಕುಣಿದಿದ್ದೆ ಅಲ್ವಾ?

ಎಲ್ಲ ಮತ್ತೆ ಶುರು. ಈ ಸಲ ಗುದದ್ವಾರದಲ್ಲಿ ಥರ್ಮಾಮೀಟರ್, ಜೀನ್ ಕೊಟ್ಟ, ಕೊಡದ ಎರಡೂ ಗುಂಪಿನ ಇಲಿಗಳನ್ನು ಚೀಟಿ ಎತ್ತಿ ಬೆರೆಸಿದ್ದು, ಯಾವುದು ಯಾವುದೆಂದು ಸಹೋದ್ಯೋಗಿಗೆ ಮಾತ್ರ ಗೊತ್ತು. ವ್ಯತ್ಯಾಸ ಉಳಿಯಿತು, ಆದರೆ ಅಂಚಿನಲ್ಲಿ, ತೆಳುವಾಗಿ. ಅಂಚು ಅಂದರೆ ರಕ್ತ ಕಡಿಮೆಯಾದರೂ ಪೂರ್ತಿ ನಿಲ್ಲದ ಜಾಗ. ನಡುವಿನ ಭಾಗವನ್ನು ಬಿಸಿಎಲ್-2 ಉಳಿಸಲಿಲ್ಲ.

ಇನ್ನೊಂದು ತಲೆನೋವು ಸಮಯದ್ದು. ರೋಗಿ ಬರುವುದು ಸ್ಟ್ರೋಕ್ ಆದ ಮೇಲೆ. ಹೆಪ್ಪು ಕರಗಿಸುವ ಟಿಪಿಎ ಔಷಧಿಗೇ ಸಾಮಾನ್ಯವಾಗಿ 4.5 ಗಂಟೆಯ ಗಡುವು. ಅಲ್ಲಿ ನನ್ನ ಮೂರು ವಾರ ಯಾರಿಗೆ ಬೇಕು? 1990ರ ದಶಕದಲ್ಲೇ ಸ್ಟ್ಯಾನ್‌ಫರ್ಡ್‌ನ ಸಂಶೋಧಕರು ಹರ್ಪಿಸ್ ವೈರಸ್‌ನಲ್ಲಿ ಇದೇ ಬಿಸಿಎಲ್-2 ಇಟ್ಟು, ಸ್ಟ್ರೋಕ್ ಆದ ಮೇಲೆ ಕೊಟ್ಟು ಇಲಿಗಳ ನರಕೋಶಗಳನ್ನು ಉಳಿಸಿದ್ದರು. ಹರ್ಪಿಸ್ ವೈರಸ್‌ನಲ್ಲಿ ಕೊಟ್ಟ ಜೀನ್ ಗಂಟೆಗಳಲ್ಲೇ ಕೆಲಸ ಶುರು ಮಾಡುತ್ತದೆ. ನನ್ನ ಮುಂದಿನ ಸುತ್ತು ಆ ವೈರಸ್‌ನಲ್ಲೇ. ಹೊಸ ಹೀಟಿಂಗ್ ಪ್ಯಾಡ್ ಬಂದಿದೆ.