‘ಇನ್’ ಪದಗಳ ಗೊಂದಲ ಬಗೆಹರಿಸಿದ್ದು ಹೀಗೆ

ಸುರತ್ಕಲ್‌ನಲ್ಲಿ ಕನ್ನಡ ಮಾಧ್ಯಮದಲ್ಲಿ ಓದುವ ತಂಗಿಯ ಮಗಳಿಗೆ ‘ಇನ್’ ಎಂದು ಶುರುವಾಗುವ ಇಂಗ್ಲಿಷ್ ಪದಗಳು ಎಷ್ಟು ಬಾಯಿಪಾಠ ಮಾಡಿದರೂ ಕಲಸಿಹೋಗುತ್ತಿದ್ದವು. ‘ಇನ್’ ಅಂದ್ರೆ ‘ಅಲ್ಲ’ ಅಂತ ಮಾತ್ರ ಗೊತ್ತಿತ್ತು. ಹೆದ್ದಾರಿಯಲ್ಲಿ ಟ್ಯಾಂಕರ್ ಮೇಲೆ ‘ಹೈಲಿ ಇನ್‌ಫ್ಲೇಮಬಲ್’ ಎಂದಿರುವುದನ್ನು ನೋಡಿ, "ದೊಡ್ಡಮ್ಮ, ಇದಕ್ಕೆ ಬೆಂಕಿ ಹತ್ತುವುದಿಲ್ವಾ?" ಎಂದು ಕೇಳಿದಳು. ಹೀಗೆ ತಿಳಿದುಕೊಂಡರೆ ಅಪಾಯ ಅಲ್ವಾ?

ಲ್ಯಾಟಿನ್‌ನಿಂದ ಬಂದ ‘ಇನ್’ ಎರಡಿವೆ. ಒಂದು ‘ಅಲ್ಲ’, ಇನ್ನೊಂದು ‘ಒಳಗೆ’. ಇನ್‌ಫ್ಲೇಮ್ ಎಂದರೆ ಹೊತ್ತಿಸುವುದು. ಹಾಗಾಗಿ ಇನ್‌ಫ್ಲೇಮಬಲ್ ಎಂದರೆ ಸುಲಭವಾಗಿ ಹೊತ್ತಿಕೊಳ್ಳುವಂಥದ್ದು. ಬೆಂಕಿ ಹತ್ತದ್ದಕ್ಕೆ ನಾನ್‌ಫ್ಲೇಮಬಲ್ ಎನ್ನುತ್ತಾರೆ.

ಅಕ್ಷರದ ಪ್ರಕಾರ ಇದ್ದ ಪಟ್ಟಿ ಬಿಟ್ಟು, ಅರ್ಥದ ಪ್ರಕಾರ ಎರಡು ಪುಟ ಮಾಡಿದೆವು. ‘ಅಲ್ಲ’ ಪುಟಕ್ಕೆ ಇನ್‌ವಿಸಿಬಲ್, ಇನ್‌ಕರೆಕ್ಟ್. ಇಂಪಾಸಿಬಲ್, ಇಲ್ಲೀಗಲ್, ಇರ್ರೆಗ್ಯುಲರ್ ಕೂಡ ಅಲ್ಲೇ. ಮುಂದಿನ ಅಕ್ಷರ ನೋಡಿ ‘ಇನ್’ ರೂಪ ಬದಲಿಸುತ್ತದೆ, ನಮ್ಮ ಸಂಧಿಯ ಹಾಗೆಯೇ. ಸಂಧಿ ಚೆನ್ನಾಗಿ ಕಲಿತ ಹುಡುಗಿ, ಇದು ತಕ್ಷಣ ಹೊಳೆಯಿತು.

‘ಒಳಗೆ’ ಪುಟಕ್ಕೆ ಇನ್‌ಹೇಲ್, ಇನ್‌ಫ್ಲೇಮಬಲ್, ಮತ್ತೆ ಪಣಂಬೂರು ಬಂದರಿನಲ್ಲಿ ದಿನಾ ಕೇಳುವ ಇಂಪೋರ್ಟ್. ಇನ್‌ವ್ಯಾಲ್ಯುಯೆಬಲ್ ಜಾಸ್ತಿ ಹೊತ್ತು ತಗೊಂಡಿತು: ‘ಅಲ್ಲ’ ಗುಂಪಿನದೇ, ಆದರೆ ಬೆಲೆ ಇಲ್ಲದ್ದಲ್ಲ, ಬೆಲೆ ಕಟ್ಟಲಾಗದ್ದು.

ಈಗ ಅವಳೇ ‘ಎಕ್ಸ್’ ಪದಗಳಿಗೆ ಹೊಸ ಪುಟ ತೆರೆದಿದ್ದಾಳೆ.