ಕನ್ಸಾಯ್‌ಗೆ ಬಂದಿದ್ದೀರಾ? ಹುಲಿಗಳ ಸಮಾಚಾರ ತಿಳಿದಿರಲಿ

ಏಪ್ರಿಲ್ ಬಂತು ಅಂದ್ರೆ ಒಸಾಕಾ, ಕೋಬೆ ಕಡೆ ನಾಲ್ಕಾರು ಹೊಸ ಕನ್ನಡದ ಮನೆಗಳು ಸೇರಿಕೊಳ್ಳುತ್ತವೆ. ಇಲ್ಲಿನ ಕಂಪನಿಗಳ ವರ್ಷ ಶುರುವಾಗೋದೇ ಆಗ. ಬಂದವರೆಲ್ಲ ಕೇಳೋದು ಒಂದೇ ಥರ: ತೊಗರಿಬೇಳೆ ಎಲ್ಲಿ ಸಿಗುತ್ತೆ, ಬ್ಯಾಂಕ್ ಖಾತೆಗೆ ಏನೇನು ಬೇಕು, ಯಾವ ಕಸ ಯಾವ ದಿನ ಹಾಕಬೇಕು. ಅದನ್ನು ಹೇಳೋಕೆ ಬೇರೆಯವರಿದ್ದಾರೆ. ನಾನು ನಿಶಿನೋಮಿಯಾದಲ್ಲಿ ಹನ್ನೆರಡು ವರ್ಷದಿಂದ ಇದ್ದೇನೆ. ಯಾರೂ ಕೇಳದ ಒಂದು ವಿಷಯ ಹೇಳ್ತೀನಿ, ಬೇಸ್‌ಬಾಲ್.

ನಗಬೇಡಿ. ನಾನು ಬಂದ ಹೊಸದರಲ್ಲಿ ಪಕ್ಕದ ಮನೆಯ ಅಜ್ಜ ದಿನಾ ಬೆಳಗ್ಗೆ ತಲೆ ಬಗ್ಗಿಸಿ ನಮಸ್ಕಾರ ಹೇಳ್ತಿದ್ದರು, ಅಷ್ಟೇ. ಒಂದು ದಿನ ಕಸದ ಚೀಲ ಹಿಡಿದು ಇಳಿಯುವಾಗ ಲಿಫ್ಟಿನಲ್ಲಿ ನನ್ನ ಕಡೆ ನೋಡಿ, "ಅಕನ್" ಅಂದರು. ಈ ಕಡೆಯ ಮಾತಿನಲ್ಲಿ ಅಕನ್ ಅಂದ್ರೆ 'ಆಗಲ್ಲ, ಕೆಟ್ಟುಹೋಯ್ತು' ಅಂತ. ನಾನು ಕಸದ ದಿನ ತಪ್ಪಿತು ಅಂದುಕೊಂಡು ಚೀಲ ಹೊತ್ತುಕೊಂಡು ವಾಪಸ್ ಮೇಲೆ ಬಂದೆ. ಆಮೇಲೆ ಆಫೀಸಿನಲ್ಲಿ ಗೊತ್ತಾಯಿತು. ಹಿಂದಿನ ರಾತ್ರಿ ಇಲ್ಲಿನ ಬೇಸ್‌ಬಾಲ್ ತಂಡ ಹನ್ಶಿನ್ ಟೈಗರ್ಸ್ ಸೋತಿತ್ತು. ಅಜ್ಜ ನನ್ನ ಹತ್ತಿರ ದುಃಖ ಹೇಳಿಕೊಂಡಿದ್ದರು. ಮಾರನೇ ವಾರ ತಂಡ ಗೆದ್ದಾಗ ನಾನೇ ಮುಂದಾಗಿ ಎರಡು ಮಾತಾಡಿದೆ. ಅವತ್ತು ಸಂಜೆ ಬಾಗಿಲ ಹಿಡಿಗೆ ಒಂದು ಚೀಲ ಈರುಳ್ಳಿ ತೂಗುಹಾಕಿತ್ತು.

ತಂಡದ ಬಗ್ಗೆ ತಿಳಿಯಬೇಕಾದ್ದು ಇಷ್ಟು. ಹುಟ್ಟಿದ್ದು 1935ರಲ್ಲಿ. ಒಸಾಕಾ ಮತ್ತು ಕೋಬೆ ನಡುವೆ ಓಡುವ ಹನ್ಶಿನ್ ರೈಲು ಕಂಪನಿಯ ತಂಡ ಇದು. ಜಪಾನಿನಲ್ಲಿ ಒಟ್ಟು ಹನ್ನೆರಡು ವೃತ್ತಿಪರ ತಂಡಗಳು, ಸೆಂಟ್ರಲ್ ಲೀಗಿನಲ್ಲಿ ಆರು, ಪೆಸಿಫಿಕ್ ಲೀಗಿನಲ್ಲಿ ಆರು. ಹುಲಿಗಳು ಸೆಂಟ್ರಲ್‌ನಲ್ಲಿ. ಟೋಕಿಯೋದ ಯೊಮಿಯುರಿ ಜೈಂಟ್ಸ್ ಬದ್ಧವೈರಿ. ನೀವು ಟೋಕಿಯೋದಲ್ಲಿ ಎರಡು ವರ್ಷ ಇದ್ದು ಬಂದವರಾದರೆ ಜೈಂಟ್ಸ್ ಟೋಪಿಯನ್ನು ಪೆಟ್ಟಿಗೆಯಲ್ಲೇ ಬಿಡಿ. ಯಾರೂ ಏನೂ ಅನ್ನಲ್ಲ, ಸುಮ್ನೆ ಮಾತು ಕಮ್ಮಿಯಾಗುತ್ತೆ. ಹುಲಿಗಳ ಹುಚ್ಚು ಹಿಡಿದವರಿಗೆ ಇಲ್ಲಿ ತೋರಾಕಿಚಿ ಅಂತ ಹೆಸರು. ಆಟದ ದಿನ ರೈಲಿನ ತುಂಬ ಹಳದಿ ಕಪ್ಪು ಪಟ್ಟೆಯ ಅಂಗಿ. ಮಂಗಳೂರು ಕಡೆಯವರಿಗೆ ದಸರಾ ಹುಲಿವೇಷ ನೆನಪಾಗದೆ ಇರಲ್ಲ.

ಕ್ರಿಕೆಟ್ ಗೊತ್ತಿದ್ದವರಿಗೆ ಆಟ ಅರ್ಥವಾಗೋಕೆ ಒಂದು ಸಂಜೆ ಸಾಕು. ಒಂದೊಂದು ತಂಡಕ್ಕೆ ಒಂಬತ್ತು ಸಲ ಬ್ಯಾಟಿಂಗ್, ಪ್ರತಿ ಸಲ ಮೂರು ಔಟ್ ಆಗೋವರೆಗೆ. ನಮ್ಮ ಲೇಟ್ ಕಟ್ಟು, ಗ್ಲಾನ್ಸು ಇಲ್ಲಿ ದಂಡ, ಹಿಂದಕ್ಕೆ ಹೋದ ಚೆಂಡಿಗೆ ಓಟ ಇಲ್ಲ. ಸಮಬಲವಾದರೆ ಹನ್ನೆರಡು ಇನ್ನಿಂಗ್ಸ್‌ವರೆಗೆ ನೋಡಿ, ಆಮೇಲೂ ಸಮ ಅಂದ್ರೆ ಡ್ರಾ ಅಂತ ಮನೆಗೆ ಕಳಿಸ್ತಾರೆ. ಅಮೆರಿಕದಲ್ಲಿ ನೋಡಿದವರಿಗೆ ಇದು ವಿಚಿತ್ರ, ನಮಗೆ ಏನೂ ಅನ್ನಿಸಲ್ಲ. ಸೆಂಟ್ರಲ್ ಲೀಗಿನಲ್ಲಿ ಪಿಚರ್, ಅಂದ್ರೆ ಚೆಂಡು ಎಸೆಯುವವನು ಕೂಡ ಬ್ಯಾಟ್ ಹಿಡಿಯಬೇಕು. 2027ರಿಂದ ಅದೂ ಹೋಗುತ್ತೆ.

ಕಷ್ಟವಾಗೋದು ಆಟವಲ್ಲ, ಅದರ ಉದ್ದ. ಐಪಿಎಲ್‌ನಲ್ಲಿ ಲೀಗ್ ಹಂತಕ್ಕೆ ಹದಿನಾಲ್ಕು ಪಂದ್ಯ. ಇಲ್ಲಿ 143. ಮಾರ್ಚ್ ಕೊನೆಗೆ ಶುರುವಾದರೆ ಅಕ್ಟೋಬರ್‌ವರೆಗೆ, ಹೆಚ್ಚುಕಮ್ಮಿ ಸೋಮವಾರ ಬಿಟ್ಟು ದಿನಾ ಆಟ. ಹಾಗಾಗಿ ಒಂದು ಸೋಲಿಗೆ ತಲೆ ಕೆಡಿಸಿಕೊಳ್ಳಬೇಡಿ. 2025ರಲ್ಲಿ ಟೈಗರ್ಸ್ ಎರಡನೆಯವರಿಗಿಂತ 13 ಆಟ ಮುಂದೆ ನಿಂತು ಲೀಗ್ ಗೆದ್ದಿತು. ಆ ವರ್ಷವೂ 54 ಸಲ ಸೋತಿದೆ. ಇದು ಹಬ್ಬವಲ್ಲ, ದಿನದ ಊಟ. ಕೋಬೆಯ ಸನ್ ಟಿವಿ ಹಾಕಿಟ್ಟು ಪಾತ್ರೆ ತೊಳೀತಾ ಕೇಳೋದು, ಬೆಳಗ್ಗೆ ಡೈಲಿ ಸ್ಪೋರ್ಟ್ಸ್ ಪತ್ರಿಕೆಯ ಮೊದಲ ಪುಟ ನೋಡೋದು. ಪ್ರಪಂಚದಲ್ಲಿ ಏನೇ ಆಗಲಿ, ಆ ಪುಟದಲ್ಲಿ ಹೆಚ್ಚಾಗಿ ಹುಲಿಗಳೇ ಇರ್ತವೆ.

ಮಳೆಗಾಲ ಹತ್ತಿರ ಬಂದಾಗ ಪೆಸಿಫಿಕ್ ತಂಡಗಳ ಜೊತೆ 18 ಆಟ. ಆಗಸ್ಟ್ ಮಾತ್ರ ವಿಶೇಷ. ಹುಲಿಗಳ ಮನೆ ಕೊಶಿಯೆನ್ ಮೈದಾನ. ಆಗ ಅಲ್ಲಿ ಹೈಸ್ಕೂಲ್ ಹುಡುಗರ ರಾಷ್ಟ್ರೀಯ ಟೂರ್ನಿ. ದುಡ್ಡು ತಗೊಳ್ಳೋ ಆಟಗಾರರೇ ಮಕ್ಕಳಿಗೆ ಜಾಗ ಬಿಟ್ಟು ಊರೂರು ಸುತ್ತಬೇಕು, ಇಲ್ಲವೇ ಒಸಾಕಾದ ಕ್ಯೋಸೆರಾ ಡೋಮ್‌ನಲ್ಲಿ ಆಡಬೇಕು. ಹಿಂದೆಲ್ಲ ಆ ಬಿಸಿಲಿನ ತಿರುಗಾಟಕ್ಕೆ 'ಸಾವಿನ ದಾರಿ' ಅಂತಲೇ ಹೆಸರಿತ್ತು. ಹೈಸ್ಕೂಲ್ ಆಟವನ್ನೂ ಒಮ್ಮೆ ನೋಡಿ. ಸೋತ ಹುಡುಗರು ಮಂಡಿಯೂರಿ ಮೈದಾನದ ಕಪ್ಪು ಮಣ್ಣನ್ನು ಬಾಚಿ ಶೂ ಚೀಲಕ್ಕೆ ತುಂಬಿಕೊಳ್ಳುತ್ತಾರೆ. ನನಗೆ ಟೈಗರ್ಸ್ ಸೋತಾಗ ಬರದ ಕಣ್ಣೀರು ಅಲ್ಲಿ ಬರುತ್ತೆ.

ಕೊಶಿಯೆನ್ ಅನ್ನೋ ಹೆಸರಿನ ಕಥೆ ನಮಗೆ ಹತ್ತಿರದ್ದು. ಮೈದಾನ ತೆರೆದದ್ದು 1924ರ ಆಗಸ್ಟ್ 1ರಂದು. ಪ್ರಭವ, ವಿಭವ ಅಂತ ನಮಗೆ ಅರವತ್ತು ಸಂವತ್ಸರ ಇರೋ ಹಾಗೆ ಇವರ ಹಳೇ ಪಂಚಾಂಗದಲ್ಲೂ ಅರವತ್ತರ ಸುತ್ತು ಇದೆ. ಆ ವರ್ಷ ಸುತ್ತಿನ ಮೊದಲನೆಯದು, ಕೊಶಿ. ಅದರಿಂದ ಕೊಶಿಯೆನ್. ಊರಿನಿಂದ ಬಂದ ನಮ್ಮ ತಂದೆಗೆ ಇಡೀ ಆಟದಲ್ಲಿ ಹಿಡಿಸಿದ್ದು ಇದೊಂದೇ.

ಇನ್ನೊಂದು, ಗಾಳಿ. ಸಮುದ್ರದ ಕಡೆಯಿಂದ ಬಲದಿಂದ ಎಡಕ್ಕೆ ಬೀಸುತ್ತೆ, ಹಮಾಕಾಜೆ ಅಂತಾರೆ. ಎಡಗೈ ಬ್ಯಾಟರ್ ಬಲಗಡೆ ಎತ್ತಿ ಹೊಡೆದ ಚೆಂಡು ಬೇಲಿ ದಾಟೇ ದಾಟಿತು ಅನ್ನುವಷ್ಟರಲ್ಲಿ ಗಾಳಿಗೆ ಸಿಕ್ಕಿ ಕೈಗೆ ಬೀಳುತ್ತೆ. ಅದಕ್ಕೇ ಎಡಗೈಯ ಸಾತೋ ತೆರುಆಕಿ 2025ರಲ್ಲಿ 40 ಹೋಂ ರನ್ ಹೊಡೆದದ್ದು ಇಲ್ಲಿಯವರಿಗೆ ಬರೀ ಲೆಕ್ಕವಲ್ಲ. ಮೈದಾನಕ್ಕೆ ಹೋದಾಗ ಮೊದಲು ಬಾವುಟ ಯಾವ ಕಡೆ ಹಾರುತ್ತಿದೆ ನೋಡಿ. ಪಕ್ಕದಲ್ಲಿ ಕೂತವರು ನಿಮ್ಮನ್ನು ಹೊಸಬರು ಅಂದುಕೊಳ್ಳಲ್ಲ.

ಈಗ ಬಾಯಿ ಕಟ್ಟಬೇಕಾದ ಜಾಗ. ನಾವು ಆರ್‌ಸಿಬಿ ಜನ, "ಈ ಸಲ ಕಪ್ ನಮ್ದೇ" ಅಂತ ಮೊದಲ ಪಂದ್ಯಕ್ಕೂ ಮುಂಚೆ ಕೂಗುವವರು. ಇಲ್ಲಿ ಹಾಗನ್ನಬಾರದು. 2023ರಲ್ಲಿ ಕೋಚ್ ಒಕಾದಾ ಆಕಿನೊಬು ಚಾಂಪಿಯನ್ ಅನ್ನೋ ಪದವನ್ನೇ ಎತ್ತದೆ "ಅರೆ" ಅಂತ ಹೇಳ್ತಾ ಹೋದರು. ಜಪಾನಿ ಭಾಷೆಯಲ್ಲಿ ಅರೆ ಅಂದ್ರೆ 'ಅದು'. ರಾತ್ರಿ ಹೊತ್ತು ಹಾವು ಅನ್ನಬಾರದು, ಹುಳ ಅನ್ನಬೇಕು ಅಂತ ಅಜ್ಜಿ ಹೇಳ್ತಿದ್ದರಲ್ವಾ, ಅದೇ ಲೆಕ್ಕ. ಇಡೀ ಕನ್ಸಾಯ್ ಆ ವರ್ಷ ಅದು, ಅದು ಅಂತಲೇ ಮಾತಾಡಿತು. ಕೊನೆಗೆ 'ಅದು' ಬಂತು. ಜಪಾನ್ ಸೀರೀಸ್, ಅಂದ್ರೆ ಎರಡು ಲೀಗುಗಳ ನಡುವಿನ ಫೈನಲ್, ಗೆದ್ದದ್ದು 38 ವರ್ಷದ ಮೇಲೆ. ಮೊದಲ ಸಲ ಗೆದ್ದದ್ದು 1985ರಲ್ಲಿ, ಆಗ ಇದೇ ಒಕಾದಾ ಆಟಗಾರ. ಕೋಬೆಯ ಕಿತಾನೊದಲ್ಲಿ ಜೈನ ಬಸದಿ ಆದದ್ದೂ 1985ರಲ್ಲೇ. ಅಲ್ಲಿನ ಹಳೇ ಗುಜರಾತಿ ಯಜಮಾನರೊಬ್ಬರು ಎರಡನ್ನೂ ಒಟ್ಟಿಗೆ ಎಣಿಸುತ್ತಾರೆ.

ನಡುವೆ 38 ವರ್ಷ ಯಾಕಾಯಿತು ಅಂತ ಕೇಳಿದರೆ ಕರ್ನಲ್ ಶಾಪ ಅಂತಾರೆ. 1985ರಲ್ಲಿ ಲೀಗ್ ಗೆದ್ದ ರಾತ್ರಿ ಜನ ಒಬ್ಬೊಬ್ಬ ಆಟಗಾರನ ಹೆಸರು ಕೂಗಿ, ಅವನ ಹೋಲಿಕೆ ಇದ್ದವನನ್ನು ಒಸಾಕಾದ ದೋತೊಂಬೋರಿ ಕಾಲುವೆಗೆ ಹಾರಿಸಿದರಂತೆ. ಅಮೆರಿಕದ ರ‍್ಯಾಂಡಿ ಬಾಸ್‌ಗೆ ಹೋಲುವವರು ಸಿಗಲಿಲ್ಲ. ಕೆಎಫ್‌ಸಿ ಮುಂದೆ ನಿಂತಿದ್ದ ಗಡ್ಡದ ಕರ್ನಲ್ ಬೊಂಬೆಯನ್ನೇ ಎತ್ತಿ ಹಾಕಿದರು. ಕಾಲುವೆಯಿಂದ ಬೊಂಬೆ ಮೇಲೆ ಬಂದದ್ದು 2009ರಲ್ಲಿ. ಅಷ್ಟರಲ್ಲಿ 2005ರ ಜಪಾನ್ ಸೀರೀಸ್ ಆಗಿಹೋಗಿತ್ತು. ಪೆಸಿಫಿಕ್ ಲೀಗಿನ ಲೊಟ್ಟೆ ತಂಡದ ಎದುರು ನಾಲ್ಕಕ್ಕೆ ನಾಲ್ಕೂ ಸೋಲು, ಒಟ್ಟು ರನ್ 33-4. ಈ ಎರಡು ಅಂಕಿಗಳನ್ನು ಆಫೀಸಿನಲ್ಲಿ ಜೋಡಿಸಿ ಹೇಳಬೇಡಿ, ಮೀಟಿಂಗ್ ರೂಂ ನಂಬರ್ ಆದ್ರೂ ಸರಿ.

2025ರ ಮಾತಿಗೆ ಬರೋಣ, ಏಕೆಂದರೆ ನಿಮ್ಮ ಜೊತೆ ಎಲ್ಲರೂ ಅದನ್ನೇ ಮಾತಾಡ್ತಾರೆ. ಫುಜಿಕಾವಾ ಕ್ಯುಜಿ ಕೋಚ್ ಆದ ಮೊದಲ ವರ್ಷ. ಬೇಸಿಗೆಗೇ 'ಮ್ಯಾಜಿಕ್' ಹತ್ತಿಕೊಂಡಿತು. ಮ್ಯಾಜಿಕ್ ಅಂದ್ರೆ ಇನ್ನೆಷ್ಟು ಗೆದ್ದರೆ ಯಾರೂ ಮುಟ್ಟೋಕಾಗಲ್ಲ ಅನ್ನೋ ಲೆಕ್ಕ. ಅದು ಇಳೀತಾ ಇಳೀತಾ ಸೆಪ್ಟೆಂಬರ್ 7ರಂದು ಕೊಶಿಯೆನ್‌ನಲ್ಲಿ ಮುಗಿಯಿತು. ಜಪಾನಿನಲ್ಲಿ ಎರಡು ಲೀಗ್ ಪದ್ಧತಿ ಬಂದ ಮೇಲೆ ಇಷ್ಟು ಬೇಗ ಯಾರೂ ಲೀಗ್ ಗೆದ್ದಿರಲಿಲ್ಲ. ಅದಾದ ಮೇಲೆ ಕ್ಲೈಮ್ಯಾಕ್ಸ್ ಸೀರೀಸ್, ಮೊದಲ ಮೂರು ತಂಡಗಳ ನಡುವೆ. ಇದು ನನಗೆ ಈಗಲೂ ಇಷ್ಟವಿಲ್ಲ. ಆರು ತಿಂಗಳು ಬೆವರು ಸುರಿಸಿದವರನ್ನು ಮತ್ತೆ ಪರೀಕ್ಷೆಗೆ ಕೂರಿಸಿದ ಹಾಗೆ. 2024ರಲ್ಲಿ ಮೂರನೇ ಸ್ಥಾನದ ಯೊಕೊಹಾಮಾ ತಂಡವೇ ಕಪ್ ಎತ್ತಿತು! 2025ರಲ್ಲಿ ಹುಲಿಗಳು ಆ ಗಂಡಾಂತರ ದಾಟಿದರು. ಫುಕುಒಕಾದ ಸಾಫ್ಟ್‌ಬ್ಯಾಂಕ್ ಜೊತೆ ಜಪಾನ್ ಸೀರೀಸ್. ಮೊದಲ ಆಟ ಗೆಲುವು, ಎರಡನೆಯದು 10-1 ಅಂತ ಸೋಲು. ಕೊಶಿಯೆನ್‌ಗೆ ಬಂದ ಮೇಲೆ ಮೂರೂ ಆಟ ಒಂದೊಂದೇ ರನ್ನಿಂದ ಹೋದವು. ಕೊನೆಯ ರಾತ್ರಿ ಎಂಟನೇ ಇನ್ನಿಂಗ್ಸ್‌ನಲ್ಲಿ ಎರಡು ರನ್ ಮುಂದಿದ್ದೆವು. ವರ್ಷವಿಡೀ ರನ್ ಕೊಡೋದನ್ನೇ ಮರೆತಿದ್ದ ನಮ್ಮ ಪಿಚರ್ ಇಶಿಯಿ ದೈಚಿಗೆ ಸಾಫ್ಟ್‌ಬ್ಯಾಂಕ್‌ನ ಯಾನಗಿತಾ ಹೋಂ ರನ್ ಹೊಡೆದ. ಪಕ್ಕದ ಮನೆಯ ಅಜ್ಜನ ಟಿವಿ ಆಫ್ ಆದ ಸದ್ದು ಗೋಡೆಯಾಚೆ ನನಗೆ ಕೇಳಿಸಿತು.

ಗೆಲುವಿನ ರಾತ್ರಿ ದೋತೊಂಬೋರಿಗೆ ಹೋಗಬೇಡಿ, ಮಕ್ಕಳನ್ನಂತೂ ಕರೆದುಕೊಂಡು ಹೋಗಲೇಬೇಡಿ. 2003ರಲ್ಲಿ ಸಾವಿರಾರು ಜನ ಕಾಲುವೆಗೆ ಹಾರಿ ಒಬ್ಬ ಸತ್ತಿದ್ದ. ಈಗ ಗೆಲುವು ಹತ್ತಿರ ಬಂದರೆ ಆ ಕಾಲುವೆ ಮೇಲಿನ ಎಬಿಸು ಸೇತುವೆ ತುಂಬ ಪೊಲೀಸರು. ನಿಲ್ಲೋಕೆ ಬಿಡಲ್ಲ, ನಡೀತಾನೇ ಇರಬೇಕು. 2025ರ ಜೂನ್ 4ರಂದು ಚಿನ್ನಸ್ವಾಮಿ ಸ್ಟೇಡಿಯಂ ಹೊರಗೆ 11 ಜನ ಸತ್ತ ಸುದ್ದಿ ಇಲ್ಲಿ ಕೂತು ನೋಡಿದ್ದೆ. ಮೂರು ತಿಂಗಳ ನಂತರ ಟಿವಿಯಲ್ಲಿ ಆ ಸೇತುವೆ ಮೇಲಿನ ಪೊಲೀಸರ ಸಾಲು ಕಂಡಾಗ ಚಾನೆಲ್ ಬದಲಿಸೋಕೆ ಆಗಲಿಲ್ಲ. ಸಂಭ್ರಮ ಬೇಕಾದರೆ ಮಾರನೇ ದಿನ ಉಮೇದಾದ ಹನ್ಶಿನ್ ಡಿಪಾರ್ಟ್‌ಮೆಂಟ್ ಸ್ಟೋರ್‌ಗೆ ಹೋಗಿ. ಗೆದ್ದರೆ ಸೇಲ್ ಹಾಕ್ತಾರೆ.

ಮೈದಾನಕ್ಕೆ ಹೋಗೋ ದಿನ. ಹನ್ಶಿನ್ ಲೈನಿನ ಕೊಶಿಯೆನ್ ಸ್ಟೇಷನ್‌ನಲ್ಲಿ ಇಳಿದರೆ ಎದುರಿಗೇ ಮೈದಾನ. ರೈಲಿನ ಇಕೊಕಾ ಕಾರ್ಡಿಗೆ ವಾಪಸ್ ಬರೋ ದುಡ್ಡನ್ನೂ ಹೋಗುವಾಗಲೇ ಹಾಕಿ. ಆಟ ಮುಗಿದಾಗ ನಲವತ್ತು ಸಾವಿರ ಜನರ ಜೊತೆ ಚಾರ್ಜ್ ಮಷಿನ್ ಮುಂದೆ ನಿಲ್ಲೋದು ಬೇಡ. ಟಿಕೆಟ್ ಬೇಗ ಖಾಲಿಯಾಗುತ್ತೆ. ಹಾಗಂತ ಜಾಸ್ತಿ ದುಡ್ಡಿಗೆ ಬೇರೆಯವರ ಹತ್ತಿರ ಕೊಳ್ಳಬೇಡಿ, 2019ರಿಂದ ಅದಕ್ಕೆ ಕಾನೂನೇ ಇದೆ. ಬಲಗಡೆ ಔಟ್‌ಫೀಲ್ಡಿನಲ್ಲಿ ಕೂತರೆ ಒಬ್ಬೊಬ್ಬ ಆಟಗಾರನಿಗೂ ಒಂದೊಂದು ಹಾಡು, ನಿಂತೇ ಹಾಡಬೇಕು. ಮೊದಲ ಸಲಕ್ಕೆ ಇನ್‌ಫೀಲ್ಡ್ ಸೀಟು ವಾಸಿ. ತಮ್ಮ ತಂಡ ಬ್ಯಾಟ್ ಮಾಡುವಾಗ ಮಾತ್ರ ಕೂಗಾಟ, ಎದುರಿನವರ ಸರದಿಯಲ್ಲಿ ಇವರು ಸುಮ್ಮನೆ ಕೂತು ತಿಂಡಿ ತಿಂತಾರೆ. ಕ್ಯಾನು, ಗಾಜಿನ ಬಾಟಲಿ ಒಳಗೆ ಬಿಡಲ್ಲ. ಮಳೆ ಬಂದರೆ ಕೊಡೆ ಬಿಚ್ಚೋ ಹಾಗಿಲ್ಲ, ರೇನ್‌ಕೋಟ್ ಇಟ್ಟುಕೊಳ್ಳಿ. ಆಟ ಶುರುವಾಗದೆ ರದ್ದಾದರೆ ಟಿಕೆಟ್ ದುಡ್ಡು ವಾಪಸ್ ಬರುತ್ತೆ.

ಊಟದ ವಿಷಯಕ್ಕೆ, 1924ರಿಂದಲೂ ಮಾರೋ ಕೊಶಿಯೆನ್ ಕರ‍್ರಿ ಹೆಸರುವಾಸಿ. ಸಸ್ಯಾಹಾರಿಗಳು ಕರ‍್ರಿ ಅನ್ನೋ ಹೆಸರಿಗೆ ಮೋಸ ಹೋಗಬೇಡಿ, ಮಾಂಸ ಇರುತ್ತೆ. ಎದಮಾಮೆ ಅಂತ ಉಪ್ಪು ಹಾಕಿ ಬೇಯಿಸಿದ ಹಸಿ ಸೋಯಾ ಕಾಯಿ ಸಿಗುತ್ತೆ. ಬಾಯಿಗೆ ನಮ್ಮ ಅವರೆಕಾಯಿ ಬೇಯಿಸಿದ ಹಾಗೇ. ನಮ್ಮ ಮನೆಯವರು ಒಂದು ಡಬ್ಬಿ ಚಿತ್ರಾನ್ನ ಮಾಡಿಕೊಂಡೇ ಹೊರಡೋದು. ಹಳದಿ ಬಣ್ಣ ನೋಡಿ ಪಕ್ಕದವರು ತಂಡದ ಮೇಲಿನ ಭಕ್ತಿಗೆ ಮಾಡಿದ್ದು ಅಂದುಕೊಂಡರು. ನಾವೂ ಹೌದು ಅಂದೆವು.

ಚಿಕ್ಕ ಮಕ್ಕಳಿದ್ದರೆ, ದುಡ್ಡು ಉಳಿಸಬೇಕಿದ್ದರೆ, ಟೈಗರ್ಸ್‌ನ ಎರಡನೇ ತಂಡದ ಆಟಕ್ಕೆ ಹೋಗಿ. 2025ರಿಂದ ಅದು ಅಮಗಾಸಾಕಿಯಲ್ಲಿ, ದೈಮೊತ್ಸು ಸ್ಟೇಷನ್ ಪಕ್ಕದ ಹೊಸ ಮೈದಾನದಲ್ಲಿ ನಡೆಯುತ್ತೆ. ನೂಕುನುಗ್ಗಲು ಇಲ್ಲ, ಕ್ಯಾಚ್ ಹಿಡಿದಾಗ ಗ್ಲೌಸಿನ ಸದ್ದು ಟಪ್ ಅಂತ ಕೇಳಿಸುತ್ತೆ. ಹೆಚ್ಚಾಗಿ ಹಗಲು ಹೊತ್ತಿನ ಆಟ. ಟೋಪಿ, ನೀರು ಮರೀಬೇಡಿ.