ಹಾಡುವ ಹುಡುಗಿ ಕ್ಯಾಮೆರಾ ಮುಂದೆ ನಿಲ್ಲುವ ಮೊದಲು

ಬಳ್ಳಾರಿಯ ಕೌಲ್ ಬಜಾರಿನಲ್ಲಿ ಇಪ್ಪತ್ತಾರು ವರ್ಷಗಳಿಂದ ಹಾಡು ಹೇಳಿಕೊಡುತ್ತಿದ್ದೇನೆ. ‘ಟೀಚರ್, ಸಿನಿಮಾದಲ್ಲಿ ಪಾತ್ರವನ್ನೂ ಮಾಡಬೇಕು, ಹಾಡಲೂ ಬೇಕು, ಎಲ್ಲಿಂದ ಶುರು ಮಾಡಲಿ?’ ಎಂದು ಕೇಳುವ ಹುಡುಗಿಯರು ವರ್ಷಕ್ಕೆ ಇಬ್ಬರಾದರೂ ಬರುತ್ತಾರೆ. ನನ್ನ ಬಳಿ ಆರು ವರ್ಷ ಕಲಿತವಳೊಬ್ಬಳು ಹತ್ತೊಂಬತ್ತನೇ ವಯಸ್ಸಿಗೆ ಒಂದು ಚಿತ್ರದಲ್ಲಿ ನಾಯಕಿಯ ತಂಗಿಯಾದಳು. ಅವಳ ಜೊತೆ ಓಡಾಡಿ ತಿಳಿದುಕೊಂಡದ್ದನ್ನು ಇಲ್ಲಿ ಬರೆಯುತ್ತೇನೆ.

ಮೊದಲು ನಿನ್ನ ಶ್ರುತಿ, ಅಂದರೆ ನಿನ್ನ ದನಿಗೆ ಹೊಂದುವ ಆಧಾರ ಸ್ವರ, ನಿನಗೆ ಗೊತ್ತಿರಲಿ, ತಾಯಿ. ನನ್ನ ಆ ಶಿಷ್ಯೆಯದು ಹಾರ್ಮೋನಿಯಂನ ಕರಿ ನಾಲ್ಕು, ಅಂದರೆ ನಾಲ್ಕನೇ ಕಪ್ಪು ಮನೆ. ಸಂಗೀತ ನಿರ್ದೇಶಕರು ಕೇಳಿದರೆ ತಡವರಿಸದೆ ಹೇಳಬೇಕು. ‘ಯಾವುದಾದರೂ ಸರಿ’ ಎಂದವಳು ತಾರಸ್ಥಾಯಿಯ ಎತ್ತರದ ಸ್ವರ ಮುಟ್ಟುವಾಗ ಕುತ್ತಿಗೆಯ ನರ ಉಬ್ಬುತ್ತದೆ. ಹಾಡುವ ದೃಶ್ಯದಲ್ಲಿ ಕ್ಯಾಮೆರಾ ಅದನ್ನೂ ಬಿಡುವುದಿಲ್ಲ.

ಆಮೇಲೆ ಎರಡು ಚಿಕ್ಕ ವಿಡಿಯೊ ಮಾಡಿಕೊಳ್ಳಬೇಕು, ಒಂದು ಹಾಡಿನದು, ಒಂದು ಅಭಿನಯದ್ದು. ಒಂದೊಂದು ಎರಡು ನಿಮಿಷ ಸಾಕು. ನಾವು ಮೊದಲ ಸಲ ಏಪ್ರಿಲ್ ತಿಂಗಳ ಮಧ್ಯಾಹ್ನ ನಮ್ಮ ನಡುಮನೆಯಲ್ಲಿ ಮೊಬೈಲಿನಲ್ಲಿ ಹಿಡಿದೆವು. ಕೇಳಿದರೆ ಅವಳ ಆಲಾಪದ ಅಡಿಯಲ್ಲಿ ಫ್ಯಾನಿನ ಗರಗರ ತಂಬೂರಿಯಂತೆ ಕೂತುಬಿಟ್ಟಿತ್ತು. ಫ್ಯಾನ್ ಆರಿಸಿ ಮತ್ತೆ ಹಾಡಿಸಿದೆ. ಬಳ್ಳಾರಿಯ ಬಿಸಿಲು ಗೊತ್ತಲ್ಲ, ಎರಡನೇ ಚರಣಕ್ಕೆ ಅವಳ ಗಲ್ಲದಿಂದ ಇಳಿದ ಬೆವರು ಹಾರ್ಮೋನಿಯಂ ಮೇಲೆ ಬೀಳುತ್ತಿತ್ತು. ಕೊನೆಗೆ ಬೆಳಗಿನ ಐದೂವರೆಗೆ ಫ್ರಿಜ್ಜನ್ನೂ ಆರಿಸಿ, ಹಾಲಿನವನು ಬರುವುದರೊಳಗೆ ಮುಗಿಸಿದೆವು. ಆ ವಿಡಿಯೊ ನೋಡಿಯೇ ಅವಳನ್ನು ಕರೆದರು. ಪ್ರತಿಧ್ವನಿ ಸೇರಿಸಿ ದನಿಯನ್ನು ದಪ್ಪ ಮಾಡಬೇಡ. ಕೇಳುವವರಿಗೆ ನಿನ್ನ ಬರಿಯ ದನಿ ಬೇಕು. ಫೋಟೊಗಳಿಗೂ ಹಾಗೆಯೇ: ಮೇಕಪ್ ಇಲ್ಲದ್ದು ಮೂರು ಇದ್ದರೆ ಸಾಕು, ಸ್ಟುಡಿಯೊಕ್ಕೆ ಸಾವಿರಾರು ರೂಪಾಯಿ ಸುರಿಯಬೇಡ.

ಹಾಡಿನ ಕೆಲಸ ಹೆಚ್ಚಾಗಿ ಟ್ರ್ಯಾಕ್, ಅಂದರೆ ಮಾದರಿಗಾಗಿ ಮೊದಲು ಹಿಡಿದಿಡುವ ಹಾಡು, ಹಾಡುವುದರಿಂದ ಶುರುವಾಗುತ್ತದೆ. ನೀನು ಹಾಡಿದ ಮೇಲೆ ಹೆಸರಾದ ಗಾಯಕಿ ಬಂದು ಅದೇ ಹಾಡನ್ನು ಹಾಡುತ್ತಾರೆ, ನಿನ್ನ ದನಿಯನ್ನು ತೆಗೆದುಹಾಕುತ್ತಾರೆ. ನನ್ನ ಹುಡುಗಿ ಮೊದಲ ಸಲ ಅತ್ತಳು. ನನಗೂ ಸಂಕಟವಾಯಿತು. ಆದರೆ ಮೈಕಿನಿಂದ ಎಷ್ಟು ದೂರ ನಿಲ್ಲಬೇಕು, ಉಸಿರನ್ನು ಎಲ್ಲಿ ಮರೆಸಬೇಕು ಎಂಬುದನ್ನು ಅವಳು ಕಲಿತದ್ದು ಅಲ್ಲಿಯೇ. ಹಣ ಕೊಡುವುದಾದರೆ ಟ್ರ್ಯಾಕಿಗೆ ಒಪ್ಪಿಕೊ.

ಅಭಿನಯಕ್ಕೆ ರಂಗವೇ ಮೊದಲ ಪಾಠಶಾಲೆ ಎಂದು ನಾನು ಹಟ ಹಿಡಿಯುತ್ತೇನೆ. ಸುಭದ್ರಮ್ಮ ಮನ್ಸೂರ್ ಅವರು ರಂಗಗೀತೆ ಹಾಡುತ್ತಲೇ ಪಾತ್ರವಾದ ಊರು ಇದು. ನಮ್ಮ ರಾಘವ ಕಲಾಮಂದಿರದಲ್ಲಿ ನಾಟಕವಿದ್ದರೆ ನೋಡಲು ಹೋಗು, ಕಸ ಗುಡಿಸುವ ಕೆಲಸ ಸಿಕ್ಕರೂ ತಂಡ ಸೇರು. ವರ್ಷವಿಡೀ ಕಲಿಯುವ ಮನಸ್ಸಿದ್ದರೆ ಹೆಗ್ಗೋಡಿನ ನೀನಾಸಂ ರಂಗಶಾಲೆ ಇದೆ. ಬಳ್ಳಾರಿಯಲ್ಲೇ ಹುಟ್ಟಿದ ನಟಿ ಜಯಂತಿಯವರು ಮದರಾಸಿನಲ್ಲಿ ನೃತ್ಯ ಕಲಿಯುತ್ತಿದ್ದಾಗ ಸಿನಿಮಾದವರ ಕಣ್ಣಿಗೆ ಬಿದ್ದರು, 1963ರಲ್ಲಿ ಕನ್ನಡದ ತೆರೆಗೆ ಬಂದರು. ಅವರ ಕೈಯಲ್ಲೂ ಮೊದಲು ಒಂದು ವಿದ್ಯೆ ಇತ್ತು.

ಪಾತ್ರ ಸಿಕ್ಕಿತೆನ್ನು. ‘ನನ್ನ ಪಾತ್ರಕ್ಕೆ ನಾನೇ ಡಬ್ಬಿಂಗ್ ಮಾಡುತ್ತೇನೆ’ ಎಂದು ಮೊದಲ ಮಾತುಕತೆಯಲ್ಲೇ ಕೇಳು. ಹಾಡುವವಳು ತನ್ನ ಮಾತನ್ನು ಬೇರೆಯವರ ಬಾಯಿಗೆ ಕೊಡುವುದು ನನಗೆ ಸಹಿಸದ ಸಂಗತಿ. ಅವಳ ಡಬ್ಬಿಂಗಿಗೆ ನಾನೂ ಬೆಂಗಳೂರಿಗೆ ಹೋಗಿದ್ದೆ. ತೆರೆಯ ಮೇಲೆ ಅವಳು ಓಡಿಬಂದು ‘ಅಪ್ಪಾ, ನಿಲ್ಲು’ ಎನ್ನಬೇಕು. ತುಟಿ ಹೊಂದುತ್ತಿತ್ತು, ಮಾತು ಮಾತ್ರ ನಿಂತಲ್ಲೇ ಆಡಿದ ಹಾಗಿತ್ತು. ಏಳು ಸಲ ಆಯಿತು. ಚಪ್ಪಲಿ ಬಿಡು, ಬಳೆ ತೆಗೆ, ನಿಂತಲ್ಲೇ ಓಡು ಎಂದೆ. ಬರಿಗಾಲಲ್ಲಿ ಇಪ್ಪತ್ತು ಎಣಿಸುವಷ್ಟು ಓಡಿ ಮೈಕಿಗೆ ಬಂದಳು. ‘ಅಪ್ಪಾ’ ಎಂಬುದರಲ್ಲಿ ಅರ್ಧ ಉಸಿರೇ ಇತ್ತು. ಶಬ್ದದ ತಂತ್ರಜ್ಞರು ಏನೂ ಹೇಳದೆ ಮುಂದಿನ ದೃಶ್ಯ ಹಾಕಿದರು.

ಇನ್ನು ಹಣದ ವಿಷಯ. ಅವಕಾಶ ಕೊಡುವವರು ನಿನಗೆ ಹಣ ಕೊಡಬೇಕು, ನೀನು ಅವರಿಗಲ್ಲ. ಮಧ್ಯವರ್ತಿಯೊಬ್ಬ ಲಾಡ್ಜಿನಲ್ಲಿ ಕೂತು ನಲವತ್ತು ಸಾವಿರ ಕೇಳಿದಾಗ ಅವಳ ತಾಯಿ ಬೋರಮಾಳವನ್ನು ಅಡವಿಡಲು ಹೊರಟಿದ್ದರು. ದಾರಿಗೆ ಅಡ್ಡ ನಿಂತು ತಡೆದೆ. ಎಷ್ಟು ದಿನದ ಕೆಲಸ, ಎಷ್ಟು ಸಂಭಾವನೆ, ಯಾವಾಗ ಕೊಡುತ್ತಾರೆ, ಹಾಡಿದರೆ ಹೆಸರು ಹಾಕುತ್ತಾರೆಯೇ, ಎಲ್ಲವೂ ಕಾಗದದ ಮೇಲೆ ಇರಲಿ. ನೀನೇ ರಾಗ ಹಾಕಿದ ಹಾಡಾದರೆ ಇನ್ನೂ ಎಚ್ಚರ: 2012ರ ಹಕ್ಕುಸ್ವಾಮ್ಯ ತಿದ್ದುಪಡಿಯ ಪ್ರಕಾರ ಚಿತ್ರಮಂದಿರದ ಪ್ರದರ್ಶನ ಬಿಟ್ಟು ಬೇರೆಡೆ ಹಾಡು ಬಳಕೆಯಾದಾಗ ಅದನ್ನು ಬರೆದವರಿಗೆ ಮತ್ತು ರಾಗ ಹಾಕಿದವರಿಗೆ ಸಲ್ಲುವ ರಾಯಧನದ (ರಾಯಲ್ಟಿ) ಪಾಲನ್ನು ನಿರ್ಮಾಪಕರು ಬರೆಸಿಕೊಳ್ಳುವಂತಿಲ್ಲ. ಹದಿನಾಲ್ಕು ತುಂಬದ ಮಗುವಾದರೆ ಚಿತ್ರೀಕರಣಕ್ಕೆ ಜಿಲ್ಲಾಧಿಕಾರಿಯ ಅನುಮತಿ ಬೇಕು, ದಿನಕ್ಕೆ ಐದು ಗಂಟೆಗಿಂತ ಹೆಚ್ಚು ದುಡಿಸುವಂತಿಲ್ಲ, ಗಳಿಕೆಯಲ್ಲಿ ಕನಿಷ್ಠ ಶೇ 20ರಷ್ಟು ಮಗುವಿನ ಹೆಸರಿನಲ್ಲಿ ರಾಷ್ಟ್ರೀಕೃತ ಬ್ಯಾಂಕಿನ ನಿಶ್ಚಿತ ಠೇವಣಿಗೆ ಹೋಗಬೇಕು. ತಾಯ್ತಂದೆಯರು ಇದನ್ನು ಕೇಳಲು ನಾಚಬಾರದು.

ಆಡಿಷನ್ನಿಗೆ ಹಂಪಿ ಎಕ್ಸ್‌ಪ್ರೆಸ್ಸಿನಲ್ಲಿ ರಾತ್ರಿ ಹತ್ತಿದರೆ ಬೆಳಿಗ್ಗೆ ಬೆಂಗಳೂರು. ರೈಲಿನ ಗಾಳಿಗೆ ಗಂಟಲು ಒಣಗುತ್ತದೆ, ಕಿವಿಗೆ ಸ್ಕಾರ್ಫ್ ಕಟ್ಟಿಕೊ, ಬಿಸಿನೀರಿನ ಫ್ಲಾಸ್ಕ್ ಇಟ್ಟುಕೊ. ಮನೆಯವರೊಬ್ಬರು ಜೊತೆಗಿರಲಿ. ಇಳಿದ ಮೇಲೆ ಯಾರ ಜೊತೆಗೂ ಮಾತಾಡುವ ಮೊದಲು ಹತ್ತು ನಿಮಿಷ ಮೆಲ್ಲಗೆ ಷಡ್ಜ, ಅಂದರೆ ‘ಸ’, ಹಿಡಿ.